ಐದು ವರ್ಷದ ಗುಳಿಗೆ ಮುಗಿಯಿತು: ಎಲುಬು ಕಾಯ್ದವರಿಗೆ ಶರಣಾರ್ಥಿ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಎಲ್ಲ ದಾಟಿ ಹಾರ್ಮೋನ್ ಗುಳಿಗೆ ಹಿಡಿದಿದ್ದ ಬೆಳಗಾವಿ, ಬಾಗಲಕೋಟೆ, ವಿಜಯಪುರದ ನಮ್ಮ ಗುಂಪಿನ ಹೆಣ್ಣುಮಕ್ಕಳ ಮೊದಲ ತಂಡ ಈ ದೀಪಾವಳಿಗೆ ಐದು ವರ್ಷದ ಕೋರ್ಸ್ ಪೂರೈಸಿದೆ. ಕೆಲವರದು ಲೆಟ್ರೊಜೋಲ್, ದಿನಕ್ಕೆ 2.5 ಮಿ.ಗ್ರಾಂ. ಕೆಲವರದು ಅನಾಸ್ಟ್ರೊಜೋಲ್, 1 ಮಿ.ಗ್ರಾಂ. ಸಣ್ಣ ಗುಳಿಗೆಗಳೇ, ಆದರೆ ಮುಟ್ಟು ನಿಂತ ಮೇಲೂ ದೇಹದಲ್ಲಿ ತಯಾರಾಗುವ ಅಷ್ಟಿಷ್ಟು ಈಸ್ಟ್ರೋಜನ್ನನ್ನೂ ಇವು ತಡೆಯುತ್ತವೆ. ಕ್ಯಾನ್ಸರಿಗೆ ಮೇವು ಸಿಗಬಾರದೆಂದು ತಡೆಯುವ ಆ ಈಸ್ಟ್ರೋಜನ್ನೇ ಎಲುಬನ್ನೂ ಕಾಯುತ್ತಿತ್ತು. ಅದಕ್ಕೇ ಈ ಐದು ವರ್ಷ ಎಲುಬಿನ ಕಾವಲಿಗೆ ಬೇರೆಯವರು ನಿಲ್ಲಬೇಕಾಯಿತು. ಆ ಕಾವಲಿನಲ್ಲಿ ಹೆಚ್ಚಿನ ಮಾತು ವಿಟಮಿನ್ ಡಿಯದು, ಊಟದ ಕ್ಯಾಲ್ಸಿಯಂ ಮೈಯೊಳಗೆ ಬರಲು ಅದು ಬೇಕು. ನಿಂತವರು ಬಹಳ ಜನ. ಅವರಲ್ಲಿ ಹೆಚ್ಚಿನವರಿಗೆ ತಾವು ಏನು ಮಾಡಿದೆವು ಎಂಬುದೇ ತಿಳಿದಿರಲಿಕ್ಕಿಲ್ಲ. ಗುಂಪಿನ ನರ್ಸುಗಳು, ಔಷಧ ವಿತರಕರು, ಆಹಾರ ಸಲಹೆಗಾರರು ಸೇರಿ ಈ ಬರಹ ಬರೆದದ್ದು ಅದನ್ನು ತಿಳಿಸಲಿಕ್ಕೆ.

ಮೊದಲ ಶರಣು ಔಷಧ ಅಂಗಡಿಯವರಿಗೆ. ವಿಟಮಿನ್ ಡಿ ವಿಷಯದಲ್ಲಿ ದೊಡ್ಡ ಅನಾಹುತ ಆಗುವುದೂ ಅಂಗಡಿಯ ಕಟ್ಟೆಯ ಮೇಲೆ, ತಪ್ಪುವುದೂ ಅಲ್ಲೇ. ನಮ್ಮ ಕಡೆ ಬರೆದುಕೊಡುವುದು ಹೆಚ್ಚಾಗಿ 60,000 ಯೂನಿಟ್ಟಿನ ಕೊಲೆಕ್ಯಾಲ್ಸಿಫೆರಾಲ್, ಅಂದರೆ ಡಿ3. ಪುಡಿ ಪ್ಯಾಕೆಟ್, ಮೆತ್ತನೆಯ ಕ್ಯಾಪ್ಸೂಲ್ ಅಥವಾ ಸಣ್ಣ ಬಾಟಲಿ, ಯಾವುದಾದರೂ ಸರಿ. ಕೊರತೆ ಇದ್ದವರಿಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ, ಆಮೇಲೆ ತಿಂಗಳಿಗೊಂದು. ವಾರಕ್ಕೊಂದು ಎಂದರೆ ದಿನದ ಲೆಕ್ಕದಲ್ಲಿ ಸುಮಾರು 8,500 ಯೂನಿಟ್, ತಿಂಗಳಿಗೊಂದು ಎಂದರೆ 2,000. ಉಳಿದ ಗುಳಿಗೆಗಳ ಜೊತೆ ಸೇರಿಸಿಕೊಂಡು ಇದನ್ನೂ ದಿನಾ ನುಂಗಿದರೆ ತಿಂಗಳಿಗೆ 18 ಲಕ್ಷ ಯೂನಿಟ್ ಆಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ತೀರದ ನೀರಡಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಪರು ಶುರುವಾಗುತ್ತವೆ. ಮೂತ್ರಪಿಂಡಕ್ಕೂ ಏಟು ಬೀಳುತ್ತದೆ. ಕಿಮೋ ಮಾಡಿಸಿಕೊಂಡವರಲ್ಲಿ ಈ ಲಕ್ಷಣ ಕಂಡರೆ ಮನೆಯವರು 'ಔಷಧದ ಕಾವು' ಅಂದುಕೊಂಡು ಸುಮ್ಮನಿರುವುದೇ ಹೆಚ್ಚು.

"ಅಕ್ಕಾರ, ಇದು ದಿನಾ ತಗೊಳ್ಳೂದಲ್ಲ, ವಾರಕ್ಕೊಂದ ಸಲ. ನಿಮ್ಮೂರ ಸಂತಿ ಯಾವತ್ತ?" ಎಂದು ಕೇಳಿ, ಪ್ಯಾಕೆಟ್ಟಿನ ಮೇಲೆ ಪೆನ್ನಿನಿಂದ ಆ ವಾರದ ಹೆಸರು ಬರೆದುಕೊಟ್ಟ ಅಂಗಡಿಯ ಅಣ್ಣಂದಿರೇ, ಓದು ಬಾರದ ನಮ್ಮ ಅವ್ವಂದಿರನ್ನು ಕಾದದ್ದು ಆ ಪ್ರಶ್ನೆ. ಸಂತೆಯ ದಿನ ಯಾರೂ ಮರೆಯುವುದಿಲ್ಲ. ತಿಂಗಳ ಡೋಸಿಗೆ ಹುಣ್ಣಿಮೆ ಗುರುತು ಮಾಡಿಕೊಟ್ಟವರೂ ಇದ್ದಾರೆ, ಅದೂ ಚಲೋ ಲೆಕ್ಕ. ಒಂದೇ ಸಲಕ್ಕೆ 8 ಪ್ಯಾಕೆಟ್ ಕೊಡದೆ ನಾಲ್ಕು ನಾಲ್ಕಾಗಿ ಕೊಟ್ಟವರಿಗೂ ಶರಣು.

ಅಂಗಡಿಯವರು ಹಿಡಿದ ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮದ್ದು. ಕ್ಯಾಲ್ಸಿಯಂ ಗುಳಿಗೆಯ ಡಬ್ಬಿಯ ಮೇಲೆ 'ಕ್ಯಾಲ್ಸಿಟ್ರಯಾಲ್ 0.25 ಮೈಕ್ರೋಗ್ರಾಂ' ಎಂದಿದ್ದರೆ ಅದು ಡಿ3 ಅಲ್ಲ. ಮೂತ್ರಪಿಂಡದಲ್ಲಿ ತಯಾರಾಗುವ ಕೊನೆಯ ರೂಪ ಅದು. ಅದನ್ನು ವರ್ಷಗಟ್ಟಲೆ ನುಂಗಿದರೂ ಪರೀಕ್ಷೆಯಲ್ಲಿ ವಿಟಮಿನ್ ಡಿ ಮಟ್ಟ ಏರುವುದಿಲ್ಲ, ಆದರೆ ಕ್ಯಾಲ್ಸಿಯಂ ಮಾತ್ರ ಏರಬಹುದು. ಮೂತ್ರಪಿಂಡದ ರೋಗದಂಥ ಕಾರಣವಿಲ್ಲದವರಿಗೆ ಬೇಕಾದದ್ದು ಸಾದಾ ಡಿ3. 'ಡಿ ಇದೆಯಲ್ಲ' ಎಂದು ಬಿಡದೆ ಡಬ್ಬಿ ತಿರುಗಿಸಿ ಓದಿ, ವೈದ್ಯರಿಗೆ ಫೋನು ಮಾಡಿದವರಿಂದ ಎಷ್ಟೋ ರಿಪೋರ್ಟುಗಳ ಒಗಟು ಬಿಡಿಸಿತು. ಡೋಸುಗಳನ್ನು ಕೂಡಿಸಿ ನೋಡಿದ್ದೂ ಅವರೇ. ಕ್ಯಾಲ್ಸಿಯಂ ಗುಳಿಗೆಯೊಳಗೆ 250 ಅಥವಾ 500 ಯೂನಿಟ್ ವಿಟಮಿನ್ ಡಿ, ಮಲ್ಟಿವಿಟಮಿನ್ನಿನಲ್ಲಿ ಇನ್ನಷ್ಟು, ಮೊಣಕಾಲು ನೋವಿಗೆ ಬೇರೆ ವೈದ್ಯರು ಬರೆದ ಇನ್ನೊಂದು ಪ್ಯಾಕೆಟ್, ಎಲ್ಲ ಒಂದೇ ಚೀಲದಲ್ಲಿ. ಬಿಪಿಗೆ ಕ್ಲೋರ್ಥಾಲಿಡೋನ್ ಅಥವಾ ಹೈಡ್ರೋಕ್ಲೋರೋಥಯಾಜೈಡ್ ತೆಗೆದುಕೊಳ್ಳುವವರಲ್ಲಿ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುವುದು ಕಡಿಮೆ, ಹೀಗಾಗಿ ಅವರಿಗೆ ಈ ಕೂಡಿಸುವ ಲೆಕ್ಕ ಇನ್ನೂ ಮುಖ್ಯ.

ಲ್ಯಾಬಿನ ತಂಗಿಯರಿಗೆ, ತಮ್ಮಂದಿರಿಗೆ. ಕೇಳಬೇಕಾದ ಪರೀಕ್ಷೆ 25-ಹೈಡ್ರಾಕ್ಸಿ ವಿಟಮಿನ್ ಡಿ. ಹೆಸರಿನ ಗೊಂದಲದಲ್ಲಿ 1,25-ಡೈಹೈಡ್ರಾಕ್ಸಿ ಮಾಡಿಸಿದರೆ ದುಡ್ಡೂ ಹೆಚ್ಚು, ಉತ್ತರವೂ ತಪ್ಪು: ಕೊರತೆ ಇದ್ದಾಗಲೂ ಅದು ಸರಿಯಾಗಿಯೇ ಕಾಣಬಹುದು, ಕೆಲವೊಮ್ಮೆ ಹೆಚ್ಚೂ ಕಾಣಬಹುದು. ಚೀಟಿ ನೋಡಿ "ಇದಾ ಬೇಕಾ, ಅದಾ?" ಎಂದು ಮರಳಿ ಕೇಳಿದಿರಿ. ಖಾಲಿ ಹೊಟ್ಟೆ ಬೇಕಿಲ್ಲ ಎಂದು ಹೇಳಿ, ಹಳ್ಳಿಯಿಂದ ನಸುಕಿನ ಬಸ್ಸು ಹತ್ತಿ ಬಂದವರಿಗೆ ಮೊದಲು ನಾಷ್ಟಾ ಮಾಡಿಸಿದಿರಿ. ಎಲ್ಲಕ್ಕಿಂತ ದೊಡ್ಡ ಉಪಕಾರ, "ಕೂದಲಿನ ಗುಳಿಗೆ ತಗೋತೀರೇನು?" ಎಂದು ಕೇಳಿದ್ದು. ಕಿಮೋ ನಂತರ ಕೂದಲು ಬರಲೆಂದು ಬಯೋಟಿನ್ 5 ಅಥವಾ 10 ಮಿ.ಗ್ರಾಂ. ತೆಗೆದುಕೊಳ್ಳುವವರು ಬಹಳ. ಕೆಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲಿ ಈ ಬಯೋಟಿನ್ ಅಡ್ಡ ಬಂದು ವಿಟಮಿನ್ ಡಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಕೊರತೆ ಇದ್ದವರ ರಿಪೋರ್ಟು 'ಸರಿ ಇದೆ' ಎಂದು ಬರುತ್ತದೆ. ಎರಡು ಮೂರು ದಿನ ಬಯೋಟಿನ್ ನಿಲ್ಲಿಸಿ ರಕ್ತ ಕೊಟ್ಟರೆ ಈ ತೊಂದರೆ ಇಲ್ಲ.

ರಿಪೋರ್ಟು ಓದುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಎಲುಬು ಸವೆಸುವ ಔಷಧ ತೆಗೆದುಕೊಳ್ಳುವವರಲ್ಲಿ 30 ದಾಟಿಸಲು ಹೆಚ್ಚಿನ ವೈದ್ಯರು ನೋಡುತ್ತಾರೆ. 100 ಮೀರಿಸುವುದರಿಂದ ಲಾಭವಿಲ್ಲ, 150 ದಾಟಿದರೆ ವಿಷವಾಗುವ ಭಯ. ರಿಪೋರ್ಟಿನಲ್ಲಿ ಅಳತೆ ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದಿದ್ದರೆ 2.5ರಿಂದ ಭಾಗಿಸಿ. 50 ನ್ಯಾನೋಮೋಲ್ ಎಂದರೆ 20 ನ್ಯಾನೋಗ್ರಾಂ ಅಷ್ಟೇ. ಡೋಸ್ ಶುರುವಾದ ಮೇಲೆ ಮರುಪರೀಕ್ಷೆ ಮೂರು ತಿಂಗಳಿಗೆ ಸಾಕು. ರಕ್ತದಲ್ಲಿ ಇದರ ಅರ್ಧಾಯುಷ್ಯ ಎರಡು ಮೂರು ವಾರ, ಅದಕ್ಕಿಂತ ಬೇಗ ನೋಡಿದರೆ ನಿಂತ ಮಟ್ಟ ಸಿಗುವುದಿಲ್ಲ. ಮೈಭಾರ ಹೆಚ್ಚಿದ್ದವರಲ್ಲಿ ಅದೇ ಡೋಸಿಗೆ ಮಟ್ಟ ಕಡಿಮೆ ಏರುತ್ತದೆ. ಅದು ಅವರು ಗುಳಿಗೆ ತಪ್ಪಿಸಿದ್ದರ ಗುರುತಲ್ಲ, ಮನೆಯವರು ದಯವಿಟ್ಟು ಬೈಯಬೇಡಿ.

ಕ್ಯಾನ್ಸರ್ ವೈದ್ಯರಿಗೆ ನಾವು ಋಣಿಗಳಾಗಿರುವುದು ಒಂದು ನೇರ ಮಾತಿಗೆ. ವಿಟಮಿನ್ ಡಿ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ವಾಟ್ಸಾಪ್ ಸಂದೇಶಗಳು ಬಂದಾಗಲೆಲ್ಲ ಅವರು ರೇಗದೆ ವಿವರಿಸಿದರು. ರೋಗ ಪತ್ತೆಯಾದಾಗ ವಿಟಮಿನ್ ಡಿ ಚೆನ್ನಾಗಿದ್ದವರು ಹೆಚ್ಚು ಕಾಲ ಬದುಕಿದ್ದು ಅಮೆರಿಕದ ಪಾಥ್‌ವೇಸ್ ಅಧ್ಯಯನದಲ್ಲಿ ಕಂಡದ್ದು ನಿಜ. 1,666 ಮಹಿಳೆಯರ ಆ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಆದರೆ ಮೊದಲೇ ಗಟ್ಟಿಮುಟ್ಟಾಗಿದ್ದು ಹೊರಗೆ ಓಡಾಡುವವರಲ್ಲಿ ಮಟ್ಟವೂ ಚೆನ್ನಾಗಿರುತ್ತದೆ. ಯಾವುದರಿಂದ ಯಾವುದು ಎಂದು ಆ ಬಗೆಯ ಲೆಕ್ಕ ಹೇಳಲಾರದು. ಗುಳಿಗೆ ಕೊಟ್ಟೇ ನೋಡಿದ ದೊಡ್ಡ ಪ್ರಯೋಗ ವೈಟಲ್, 25,871 ಜನ, ದಿನಕ್ಕೆ 2,000 ಯೂನಿಟ್. ಕ್ಯಾನ್ಸರ್ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯಾದ ಡಿ-ಹೆಲ್ತ್ ಪ್ರಯೋಗದಲ್ಲಿ ಕೊಟ್ಟದ್ದು ನಮ್ಮದೇ 60,000 ಯೂನಿಟ್, ತಿಂಗಳಿಗೊಮ್ಮೆ, ಐದು ವರ್ಷ. ಅಲ್ಲಿಯೂ ಸಾವಿನ ಲೆಕ್ಕ ತಗ್ಗಲಿಲ್ಲ. ಬ್ರೆಜಿಲ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಕಿಮೋ ಜೊತೆ ದಿನಕ್ಕೆ 2,000 ಯೂನಿಟ್ ಕೊಟ್ಟಾಗ ಗಡ್ಡೆ ಪೂರ್ತಿ ಕರಗಿದವರ ಪ್ರಮಾಣ ಹೆಚ್ಚಿತ್ತು ಎಂಬ ಸುದ್ದಿ ಬಂದದ್ದೂ ಖರೆ, ಆದರೆ ಅದು 80 ಮಹಿಳೆಯರ ಸಣ್ಣ ಪ್ರಯೋಗ. ಅದನ್ನು ನೆಚ್ಚಿ ಯಾರೂ ಕಿಮೋ ಮುಂದೂಡಬಾರದು, ಡೋಸನ್ನೂ ತಾವಾಗಿ ಏರಿಸಬಾರದು. ಲೆಟ್ರೊಜೋಲಿನ ಸಂದು ನೋವಿಗೂ ಇದೇ ಮಾತು. ಕೊರತೆ ತುಂಬಿಸುವುದು ಸರಿ, ಆದರೆ ಸಾಕಷ್ಟಿದ್ದವರಿಗೆ ಹೆಚ್ಚು ಡೋಸ್ ಕೊಟ್ಟರೆ ನೋವು ಹೋಗುತ್ತದೆ ಎಂದು ಭರವಸೆ ಕೊಡಲು ಆಗುವುದಿಲ್ಲ. ದಿನಾ ನಡೆಯುವುದು, ಕೈಕಾಲಿನ ವ್ಯಾಯಾಮ ಮಾಡುವುದು ಅದಕ್ಕಿಂತ ಮೇಲು.

ಸಲೈನ್ ಹಚ್ಚುವ ಕೋಣೆಯ ಸಿಸ್ಟರಮ್ಮಂದಿರಿಗೆ ನಮ್ಮ ತಲೆಬಾಗಿದ ನಮಸ್ಕಾರ. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ರೋಗ ಎಲುಬಿಗೆ ಮರುಕಳಿಸುವುದನ್ನು ತಗ್ಗಿಸುವ ಪುರಾವೆ ಇರುವುದು ಜೊಲೆಡ್ರೊನಿಕ್ ಆಸಿಡ್‌ನಂಥ ಔಷಧಕ್ಕೆ, ಪುಡಿ ಪ್ಯಾಕೆಟ್ಟಿಗಲ್ಲ. ಆರು ತಿಂಗಳಿಗೊಮ್ಮೆ 4 ಮಿ.ಗ್ರಾಂ., ಕನಿಷ್ಠ 15 ನಿಮಿಷ ಹರಿಸಬೇಕು. ಈ ಔಷಧ ಎಲುಬಿನಿಂದ ಕ್ಯಾಲ್ಸಿಯಂ ಹೊರಬರುವುದಕ್ಕೇ ಬೀಗ ಹಾಕುತ್ತದೆ. ಆಗ ವಿಟಮಿನ್ ಡಿ ಕಡಿಮೆ ಇದ್ದರೆ ಊಟದಿಂದಲೂ ಕ್ಯಾಲ್ಸಿಯಂ ಸರಿಯಾಗಿ ಒಳಬರದೆ ರಕ್ತದಲ್ಲಿ ಕುಸಿಯುತ್ತದೆ: ತುಟಿಯ ಸುತ್ತ ಜುಮುಜುಮು, ಬೆರಳು ಸೆಟೆಯುವುದು, ಮೀನಖಂಡ ಹಿಡಿಯುವುದು. ಆದ್ದರಿಂದ ಸೂಜಿಗೆ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಮೂರರ ರಿಪೋರ್ಟೂ ಕೈಯಲ್ಲಿರಬೇಕು, ಕೊರತೆ ಮೊದಲು ತುಂಬಬೇಕು. "ರಿಪೋರ್ಟ್ ಎಲ್ಲಿ? ಹಲ್ಲು ತೋರಿಸ್ಕೊಂಡ ಬಂದೀರೇನು?" ಎಂದು ಪ್ರತಿಸಲ ಕೇಳಿದಿರಿ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಬೇಕು, ಇಲ್ಲವಾದರೆ ದವಡೆಯ ಎಲುಬು ಮಾಯದೆ ಉಳಿಯುವ ಅಪಾಯವಿದೆ. ಎರಡು ಗ್ಲಾಸು ನೀರು ಕುಡಿಸಿ ಕೂರಿಸಿದಿರಿ, ರಾತ್ರಿ ಜ್ವರ ಮೈಕೈನೋವು ಬಂದರೆ ಹೆದರಬೇಡಿ, ಪ್ಯಾರಾಸಿಟಮಾಲ್ ಸಾಕು ಎಂದು ಮುಂಚೆಯೇ ಹೇಳಿ ಕಳಿಸಿದಿರಿ.

ಎಲುಬಿಗೆ ರೋಗ ಹರಡಿದವರ ವಿಷಯದಲ್ಲಿ ನೀವು ತೋರಿಸಿದ ಎಚ್ಚರ ಬೇರೆಯೇ. ಅವರಲ್ಲಿ ಕ್ಯಾಲ್ಸಿಯಂ ರೋಗದಿಂದಲೇ ಏರಿರಬಹುದು. ಅಂಥವರು ರಕ್ತ ನೋಡದೆ ಕ್ಯಾಲ್ಸಿಯಂ, ವಿಟಮಿನ್ ಡಿ ಮುಟ್ಟಬಾರದು.

ಊರಿನ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಇನ್ನೊಂದು ಕಾರಣಕ್ಕೆ ಧನ್ಯವಾದ. ಸೊಂಟಕ್ಕೆ 6 ಲಕ್ಷ ಯೂನಿಟ್ಟಿನ ಸೂಜಿ ಚುಚ್ಚಿಸಿಕೊಂಡರೆ ವರ್ಷದ ಕೆಲಸ ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಇದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಯಿಂದ ಕೊಟ್ಟು ನೋಡಿದಾಗ ಬೀಳುವುದೂ ಎಲುಬು ಮುರಿಯುವುದೂ ಹೆಚ್ಚಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶ ಅದು. ಸೂಜಿ ಬೇಡಿ ಬಂದವರಿಗೆ ವಾರದ ಪುಡಿಯೇ ಸಾಕೆಂದು ತಿಳಿಹೇಳಿ ಕಳಿಸಿದ್ದು ಸಣ್ಣ ಕೆಲಸವಲ್ಲ.

ಇನ್ನು ಮನೆಗಳು. ಸೊಸೆಯಂದಿರೇ, ಮಕ್ಕಳೇ, ಗಂಡಂದಿರೇ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಸೋಮವಾರದ ಉಪವಾಸದ ಬೆಳಿಗ್ಗೆ ಬರೀ ನೀರಿನಲ್ಲಿ ಕದಡಿ ಕುಡಿದರೆ ಪೂರ್ತಿ ದಕ್ಕುವುದಿಲ್ಲ. ಮಧ್ಯಾಹ್ನ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿಗೆ ಎಣ್ಣೆ ಹಾಕಿಕೊಂಡು ಉಂಡ ಕೂಡಲೇ ಪುಡಿಯನ್ನು ಒಂದು ಗ್ಲಾಸು ಹಾಲಿನಲ್ಲಿ ಕೊಟ್ಟಿರಿ, ಅದು ಸರಿಯಾದ ರೀತಿ. ರೊಟ್ಟಿ ಕಸುವು ಕೊಟ್ಟರೂ ಕ್ಯಾಲ್ಸಿಯಂ ಕೊಡುವುದು ಕಡಿಮೆ. 100 ಗ್ರಾಂ ಜೋಳದಲ್ಲಿ 30 ಮಿ.ಗ್ರಾಂ. ಒಳಗೇ ಇದೆ, ಅಷ್ಟೇ ರಾಗಿಯಲ್ಲಿ 350 ದಾಟುತ್ತದೆ. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದದ್ದು ಒಟ್ಟು 1,200 ಮಿ.ಗ್ರಾಂ. ಎರಡು ಗ್ಲಾಸು ಹಾಲು, ಒಂದು ಬಟ್ಟಲು ಮೊಸರಿನಿಂದ ಸುಮಾರು 700 ಬಂತೆಂದರೆ ಉಳಿದದ್ದಕ್ಕೆ 500ರ ಒಂದು ಗುಳಿಗೆ ಸಾಕು, ಎರಡು ಬೇಡ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಥೈರಾಯ್ಡ್ ಗುಳಿಗೆಗೂ ಅದಕ್ಕೂ ನಾಲ್ಕು ತಾಸಿನ ಅಂತರವಿರಲಿ. '+ಎಫ್' ಗುರುತಿನ ಹಾಲಿನಲ್ಲಿ ವಿಟಮಿನ್ ಡಿ ಸೇರಿಸಿದ್ದರೂ ಲೀಟರಿಗೆ 200ರಿಂದ 300 ಯೂನಿಟ್ ಮಾತ್ರ, ಒಂದು ಗ್ಲಾಸಿಗೆ 40ರಿಂದ 60. ಕೊರತೆ ತುಂಬಲು ಅದು ಸಾಲದು.

ಇಷ್ಟು ಬಿಸಿಲಿನ ಸೀಮೆಯಲ್ಲಿ ಕೊರತೆ ಹೇಗೆ ಬಂತು ಎಂದು ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರ ಮನೆಗಳವರು ಕೇಳುತ್ತಾರೆ. ಮಗ್ಗದ ಕೆಲಸ ಛಾವಣಿಯ ಕೆಳಗೆ, ಹೊರಗೆ ಹೊರಟರೆ ಮೈತುಂಬ ಸೆರಗು. ಬೆಳಗಿನ ಎಳೆಬಿಸಿಲು ಹಿತವೇ, ಆದರೆ ಅದರಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ತೀರ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡಾದ ಹೊತ್ತಿನಲ್ಲಿ ಅದು ಸಿಗುತ್ತದೆ, ಕಿಟಕಿಯ ಗಾಜಿನೊಳಗಿಂದ ಸಿಗುವುದಿಲ್ಲ. ವೈಶಾಖದಲ್ಲಿ ವಿಜಯಪುರದ ಆ ಹೊತ್ತಿನ ಬಿಸಿಲಿಗೆ ರೋಗಿಯನ್ನು ಕೂರಿಸಲು ಬರುವಂತಿಲ್ಲ. ಆಷಾಢದಲ್ಲಿ ಖಾನಾಪುರದ ಕಡೆ ಸೂರ್ಯನೇ ಇಲ್ಲ. ರೇಡಿಯೇಷನ್ ಕೊಟ್ಟ ಎದೆ, ಕುತ್ತಿಗೆ, ಕಂಕುಳ ಭಾಗವನ್ನು ಬಿಸಿಲಿನಿಂದ ಮುಚ್ಚಿಡಬೇಕು, ಕ್ಯಾಪಿಸಿಟಬಿನ್ ಎಂಬ ಕಿಮೋ ಗುಳಿಗೆ ನಡೆದಿರುವವರ ಚರ್ಮ ಬೇಗ ಸುಡುತ್ತದೆ, ಬಾವು ಬಂದ ತೋಳು ಬಿಸಿಯಾಗಬಾರದು. ಚಿಕಿತ್ಸೆ ನಡೆದಿರುವ ತನಕ ಬಿಸಿಲನ್ನು ನೆಚ್ಚುವುದಕ್ಕಿಂತ ಅಳತೆಯ ಡೋಸೇ ಸುರಕ್ಷಿತ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲು ಪ್ರತಿ ಎರಡು ವರ್ಷಕ್ಕೆ ಅದೇ ದವಾಖಾನೆಯ ಅದೇ ಯಂತ್ರಕ್ಕೆ ಕರೆದೊಯ್ದ ಗಂಡುಮಕ್ಕಳಿಗೂ ಶರಣು. ಯಂತ್ರ ಬದಲಾದರೆ ಹಿಂದಿನ ಅಂಕಿಯ ಜೊತೆ ತಾಳೆ ಹಾಕುವುದು ಕಷ್ಟ.

ಕೋರ್ಸ್ ಮುಗಿಸಿದ ಅಕ್ಕಂದಿರೇ, ಹಾರ್ಮೋನ್ ಗುಳಿಗೆ ನಿಂತಿತೆಂದು ಹುಣ್ಣಿಮೆಯ ಪುಡಿಯನ್ನೂ ಅದರ ಜೊತೆ ಬಿಡಬೇಡಿ, ಮುಂದಿನ ಭೇಟಿಯಲ್ಲಿ ಕೇಳಿಯೇ ನಿರ್ಧರಿಸಿ. ನಿಮ್ಮಲ್ಲಿ ಎಲುಬಿಗಾಗಿ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ 60 ಮಿ.ಗ್ರಾಂ. ಸೂಜಿ ತೆಗೆದುಕೊಳ್ಳುವವರು ಅದನ್ನು ತಾವಾಗಿ ತಪ್ಪಿಸಲೇಬೇಡಿ. ಅದು ನಿಂತ ಕೆಲವೇ ತಿಂಗಳಲ್ಲಿ ಎಲುಬು ಭರದಿಂದ ಸವೆದು ಬೆನ್ನುಮೂಳೆ ಕುಸಿದ ಉದಾಹರಣೆಗಳಿವೆ. ನಿಲ್ಲಿಸುವುದಿದ್ದರೆ ಅದರ ಬದಲಿಗೆ ಜೊಲೆಡ್ರೊನಿಕ್ ಆಸಿಡ್‌ನಂಥ ಇನ್ನೊಂದು ಔಷಧ ಯಾವಾಗ ಎಂಬುದು ಮೊದಲೇ ಗೊತ್ತಾಗಿರಬೇಕು. ಮುಂದಿನ ಸೂಜಿಯ ತಾರೀಖನ್ನು ನಿಮ್ಮ ಫೈಲಿನ ಮುಖಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟ ಸಿಸ್ಟರಮ್ಮನಿಗೆ ನಮ್ಮ ಕೊನೆಯ ಶರಣಾರ್ಥಿ. ಆ ತಾರೀಖು ತಪ್ಪಿಸಬೇಡಿ.