ಮಿಯಾಮೊಟೊ: ಡಿಫೆಂಡರ್, ಕೋಚ್, ಈಗ ಅಧ್ಯಕ್ಷ

ಸದಸ್ಯರ ಗಮನಕ್ಕೆ: ಜಪಾನ್ ಫುಟ್‌ಬಾಲ್ ತಂಡದ ಡಿಫೆಂಡರ್ ಆಗಿದ್ದ ತ್ಸುನೆಯಾಸು ಮಿಯಾಮೊಟೊ ಅವರ ಆಟ ನೋಡುವವರು 2002ರ ವಿಶ್ವಕಪ್‌ನ ಬೆಲ್ಜಿಯಂ ಪಂದ್ಯದಿಂದ ಶುರುಮಾಡಿ. ಮುರಿದ ಮೂಗಿಗೆ ಕಪ್ಪು ಮಾಸ್ಕ್ ಹಾಕಿಕೊಂಡು, ಗಾಯಗೊಂಡ ಸಹ ಡಿಫೆಂಡರ್ ಮೊರಿಯೋಕಾ ಬದಲಿಗೆ ಇಳಿದರು. ಆಗಿನ ಜಪಾನ್ ಕೋಚ್ ಟ್ರೂಸಿಯೆ ಪದ್ಧತಿಯಲ್ಲಿ ಮೂವರು ಡಿಫೆಂಡರ್‌ಗಳು ಒಂದೇ ಗೆರೆಯಲ್ಲಿ ಮುಂದೆ ಬಂದು ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ (ಪಾಸ್ ಬರುವ ಹೊತ್ತಿಗೆ ಡಿಫೆಂಡರ್‌ಗಳ ಗೆರೆಯಾಚೆ ನಿಂತ ತಪ್ಪಿನಲ್ಲಿ) ಸಿಕ್ಕಿಸಬೇಕು. ಆದರೆ ಚೆಂಡು ಹಾಕುವವನ ಮೇಲೆ ಒತ್ತಡವಿಲ್ಲದಾಗ ಗೆರೆ ಮುಂದೆ ಬಂದರೆ ಬೆನ್ನ ಹಿಂದೆಲ್ಲ ಬಯಲು. ಬೆಲ್ಜಿಯಂ 2–2 ಮಾಡಿದ್ದು ಹಾಗೆಯೇ. ಮುಂದಿನ ಪಂದ್ಯಗಳಲ್ಲಿ ಗೆರೆ ತುಸು ಹಿಂದೆ ನಿಂತದ್ದನ್ನು ಗಮನಿಸಿ.

2004ರ ಏಷ್ಯಾ ಕಪ್, ಜೋರ್ಡಾನ್ ವಿರುದ್ಧದ ಪೆನಾಲ್ಟಿ ಶೂಟೌಟ್ ಬಿಡಲೇಬೇಡಿ. ಹುಲ್ಲು ಕಿತ್ತು ಜಾರುತ್ತಿದ್ದುದರಿಂದ ಜಪಾನಿನ ಮೊದಲೆರಡು ಒದೆತ ವ್ಯರ್ಥವಾದವು. ನಾಯಕ ಮಿಯಾಮೊಟೊ ರೆಫರಿ ಜೊತೆ ಇಂಗ್ಲಿಷಿನಲ್ಲಿ ವಾದಿಸಿ ಒದೆತಗಳನ್ನು ಮೈದಾನದ ಇನ್ನೊಂದು ತುದಿಯ ಗೋಲಿಗೇ ಬದಲಾಯಿಸಿದರು, ಜಪಾನ್ ಗೆದ್ದಿತು.

ಕೋಚ್ ಆಗಿ 2018ರ ಜುಲೈನಲ್ಲಿ ಕೆಳಗಿನ ದರ್ಜೆಗೆ ಜಾರುವ ಭಯದಲ್ಲಿದ್ದ ಗಾಂಬಾ ಒಸಾಕಾ ಕ್ಲಬ್ಬನ್ನು ವಹಿಸಿಕೊಂಡು ಉಳಿಸಿದರು, 2020ರಲ್ಲಿ ಜಪಾನ್ ಲೀಗ್‌ನ ಎರಡನೇ ಸ್ಥಾನಕ್ಕೆ ತಂದರು. 2021ರ ಮೇನಲ್ಲಿ ಹುದ್ದೆ ಹೋಯಿತು. 2024ರಿಂದ ಜಪಾನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು.