ಗವಂತಿ ಹೊಲಿಗೆಯ ಹುಡುಗ

ಪ್ರೀತಿಯ ಮಗಳೇ,

ಧಾರಾವಾಹಿಯ ಹುಡುಗನೊಬ್ಬ ಮನಸ್ಸಿನಲ್ಲಿ ಕೂತುಬಿಟ್ಟಿದ್ದಾನೆ, ಧಾರವಾಡದ ಸಪ್ತಾಪುರದ ರೂಮಿನಲ್ಲಿ ರಾತ್ರಿ ಒಂದರವರೆಗೆ ಅವನದೇ ತುಣುಕು ನೋಡುತ್ತೇನೆ, ಓದಲು ಕೂತರೂ ಅವನದೇ ದನಿ ಅಂತ ಬರೆದಿದ್ದೀ. 'ನಗಬ್ಯಾಡವಾ' ಅಂತ ಕೆಳಗೊಂದು ಗೆರೆ ಬೇರೆ. ನಗುವುದಿಲ್ಲ. ಹುಡುಗ ಕಟ್ಟುಕತೆಯವನಾದರೂ ನಿನ್ನ ಹಂಬಲ ನಿಜದ್ದೇ. ಅದಕ್ಕೇ ಅವನನ್ನು ಹೇಗೆ ಕಟ್ಟುತ್ತಾರೆ ಅನ್ನುವುದರಿಂದ ಶುರು ಮಾಡುತ್ತೇನೆ.

ಟಿವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕಬಾರದೆಂದು ನಿಯಮ. ಹಾಗಾಗಿ ಅರ್ಧ ಗಂಟೆಯ ಕಂತಿನಲ್ಲಿ ಕತೆಗೆ ಸಿಗುವುದು ಸುಮಾರು 24 ನಿಮಿಷ. ಅದರಲ್ಲಿ ಅವನು ನಾಯಕಿಯನ್ನು ನೋಡುವ ಒಂದೇ ಒಂದು ನೋಟವನ್ನು ನಿಮಿಷದುದ್ದ ಎಳೆಯುತ್ತಾರೆ: ಅವನ ಕಣ್ಣು, ಅವಳ ಕಣ್ಣು, ಮತ್ತೆ ಅವನ ಕಣ್ಣು, ಗಾಳಿಗೆ ಹಾರುವ ಸೆರಗು, ಹಿಂದೆ ಕೊಳಲು. ಅವನ ಕ್ಲೋಸಪ್ ತೆಗೆಯುವಾಗ ನಾಯಕಿ ಎದುರಿಗೆ ಇರಲೇಬೇಕೆಂದಿಲ್ಲ. ಎಷ್ಟೋ ಸಲ ಸಹಾಯಕ ನಿರ್ದೇಶಕ ಕ್ಯಾಮೆರಾದ ಪಕ್ಕ ನಿಂತು ಹಾಳೆ ನೋಡಿ ಅವಳ ಮಾತು ಓದುತ್ತಿರುತ್ತಾನೆ. ಹುಡುಗ ಲೆನ್ಸಿನ ಅಂಚಿಗೆ ದೃಷ್ಟಿ ನೆಟ್ಟು ಅಷ್ಟೂ ಪ್ರೀತಿ ಸುರಿಸುತ್ತಾನೆ. ದೃಷ್ಟಿ ಲೆನ್ಸಿಗೆ ಹತ್ತಿರವಾದಷ್ಟೂ ಹಾಸಿಗೆಯಲ್ಲಿ ಮೊಬೈಲು ಹಿಡಿದವಳಿಗೆ ತನ್ನನ್ನೇ ನೋಡಿದ ಹಾಗೆ. ಕೆಲವು ಸಲ ದನಿಯೂ ಅವನದಲ್ಲ, ಡಬ್ಬಿಂಗ್ ಕಲಾವಿದರದು.

ಹೀಗೆ ಒಂದೇ ಕಡೆಯಿಂದ ಬೆಳೆಯುವ ನಂಟಿಗೆ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕನ್ನರು 1956ರಲ್ಲೇ 'ಪ್ಯಾರಾಸೋಷಿಯಲ್' ಅಂತ ಹೆಸರಿಟ್ಟರು. ಹಂಬಲ ಯಾಕೆ ಆರುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಿದ್ದು 1979ರಲ್ಲಿ ಡೊರೊಥಿ ಟೆನೋವ್ ಎಂಬ ಮನಶ್ಶಾಸ್ತ್ರಜ್ಞೆ: ಆಸೆಯೂ ಇರಬೇಕು, ಆಗುತ್ತೋ ಇಲ್ಲವೋ ಅನ್ನುವ ಅನುಮಾನವೂ ಇರಬೇಕು. ಪೂರ್ತಿ ಸಿಕ್ಕರೆ ತಣ್ಣಗಾಗುತ್ತದೆ, ಪೂರ್ತಿ ಕೈ ತಪ್ಪಿದರೂ ನಿಧಾನಕ್ಕೆ ಆರುತ್ತದೆ. ಧಾರಾವಾಹಿ ಈ ಎರಡರ ನಡುವೆಯೇ ತಿಂಗಳುಗಟ್ಟಲೆ ನಿಲ್ಲಿಸುತ್ತದೆ. ತಾಳಿ ಕಟ್ಟುವ ಹೊತ್ತಿಗೆ ಯಾರೋ ಬಾಗಿಲಲ್ಲಿ ನಿಂತು 'ನಿಲ್ಲಿಸಿ' ಅನ್ನುವುದು ಸುಮ್ಮನೆ ಅಲ್ಲ. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯಿಂದ ಗುರುವಾರ ಬರುವ ವಾರದ ಅಂಕಿ ಚೆನ್ನಾಗಿದ್ದರೆ ಮದುವೆ ಇನ್ನೂ ಮುಂದಕ್ಕೆ. ಹಿಂದೆ ಗದಗಿನ ಗರುಡ ಸದಾಶಿವರಾಯರಂಥವರ ಕಂಪನಿ ನಾಟಕಕ್ಕೂ ಜನ ಮನಸೋಲುತ್ತಿದ್ದರು. ಆದರೆ ಬೆಳಗಾಗುವಷ್ಟರಲ್ಲಿ ಕತೆ ಮುಗಿಯುತ್ತಿತ್ತು, ಕ್ಯಾಂಪ್ ಎತ್ತಿದರೆ ನಾಯಕನೂ ಊರು ಬಿಡುತ್ತಿದ್ದ. ನಿನ್ನ ಮೊಬೈಲಿನವನಿಗೆ ಕ್ಯಾಂಪ್ ಎತ್ತುವ ಮಾತೇ ಇಲ್ಲ.

ಕಸೂತಿಯಲ್ಲಿ ಗವಂತಿ ಹಾಕುವುದನ್ನು ನೆನಪಿಸಿಕೋ. ಎಳೆ ಎಣಿಸಿ ಸೂಜಿ ಮುಂದೆ ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ, ಒಂದು ಹೊಲಿಗೆ, ಒಂದು ಖಾಲಿ. ಅದೇ ದಾರಿಯಲ್ಲಿ ಹಿಂತಿರುಗುವಾಗ ಖಾಲಿ ತುಂಬುತ್ತದೆ, ಗಂಟು ಹಾಕುವಂತಿಲ್ಲ, ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತದೆ. ಯಾವುದು ಹೋಗುವಾಗಿನ ಹೊಲಿಗೆ, ಯಾವುದು ಬರುವಾಗಿನದು ಅಂತ ಹಾಕಿದವಳಿಗೂ ಗೊತ್ತಾಗುವುದಿಲ್ಲ. ಆ ಹುಡುಗನೂ ಹಾಗೇ. ಬರಹಗಾರರು ಹಾಕುವುದು ಹೋಗುವಾಗಿನ ಹೊಲಿಗೆ ಮಾತ್ರ: ಕಡಿಮೆ ಮಾತು, ಒಳಗೊಂದು ನೋವು, ಅಮ್ಮನ ಮೇಲೆ ಅಕ್ಕರೆ. ಖಾಲಿ ತುಂಬಿದವಳು ನೀನು. ಬೇಕಿದ್ದರೆ ಪರೀಕ್ಷೆ ಮಾಡು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ, ಅವನು ನಿನ್ನ ಜೊತೆ ಉಣಕಲ್ ಕೆರೆಯ ದಂಡೆಯಲ್ಲಿ ಕೂತು ಮಾತಾಡಿದ ಹಾಗೆ ಬರೆ. ಆಮೇಲೆ ಧಾರಾವಾಹಿಯಲ್ಲಿ ಅವನು ನಿಜವಾಗಿ ಆಡಿದ ಮಾತಿಗೆ ಕೆಂಪು ಗೆರೆ ಎಳೆ. ಕೆಂಪು ಬಹಳ ಕಡಿಮೆ ಇರುತ್ತದೆ. ಉಳಿದದ್ದು ನಿನಗೆ ಯಾರಾದರೂ ಹೇಳಲಿ ಅಂತ ನೀನು ಕಾಯುತ್ತಿರುವ ಮಾತು. ಆ ಪುಟ ಹರಿಯಬೇಡ. ಒಂದು ಎಚ್ಚರಿಕೆ: ಮೊಬೈಲಿನಲ್ಲಿ ಟೈಪ್ ಮಾಡಿದರೆ ಎರಡು ಸಾಲಿಗೇ ಮತ್ತೆ ತುಣುಕಿಗೆ ಜಾರುತ್ತೀ, ಕೈಯಿಂದಲೇ ಬರೆ.

ಒಮ್ಮೆಲೇ ಬಿಟ್ಟುಬಿಡುತ್ತೇನೆ ಅಂತ ಆಣೆ ಮಾಡಬೇಡ. ಅರ್ಧಕ್ಕೆ ನಿಂತ ಕತೆ ಮನಸ್ಸಿನಲ್ಲಿ ಕುಟುಕುತ್ತಲೇ ಇರುತ್ತದೆ. ಮೂರ್ನಾಲ್ಕು ದಿನಕ್ಕೆ ಸೋತು ಬಾಕಿ ಕಂತೆಲ್ಲ ಒಂದೇ ರಾತ್ರಿ ನೋಡುವುದೇ ಆಗುತ್ತದೆ. ನಿಲ್ಲಿಸುವ ಜಾಗ ಬದಲಿಸು. ಕಂತಿನ ಕೊನೆಯ ಮೂರು ನಿಮಿಷದಲ್ಲೇ ಕೊಕ್ಕೆ ಇರುವುದು. ಆ ಮೂರು ನಿಮಿಷ ಬಿಟ್ಟು, ಅತ್ತೆ ಅಡುಗೆಮನೆಯಲ್ಲಿ ಗೊಣಗುವಂಥ ಸಪ್ಪೆ ಜಾಗದಲ್ಲಿ ನಿಲ್ಲಿಸು. ಮರುದಿನ ಕೊಕ್ಕೆಯಿಂದ ಶುರು ಮಾಡಿದರೆ ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ, ರಾತ್ರಿಯೆಲ್ಲ ಹೊತ್ತು ತಿರುಗುವುದು ತಪ್ಪುತ್ತದೆ. ಆಟೋಪ್ಲೇ ಬಂದ್ ಮಾಡು. ತುಂಬಾ ಕಾಡುವ ದೃಶ್ಯವನ್ನು ಒಮ್ಮೆ ದನಿ ಬಂದ್ ಮಾಡಿ ನೋಡು. ಕೊಳಲು ಹೋದರೆ ಅವನು ಬಸ್ಸಿಗೆ ಕಾಯುವವನ ಹಾಗೆ ಕಾಣುತ್ತಾನೆ!

ಕಂತಿಗಿಂತ ಕೆಟ್ಟದ್ದು ಮೂವತ್ತು ಸೆಕೆಂಡಿನ ತುಣುಕು. ಅದರಲ್ಲಿ ಸಪ್ಪೆ ಜಾಗವೇ ಇಲ್ಲ, ಬರೀ ನೋಟ. 'ಆಸಕ್ತಿ ಇಲ್ಲ' ಅನ್ನುವುದನ್ನು ಒತ್ತುತ್ತಾ ಹೋಗು. ನಡುವೆ ಒಂದನ್ನು ಪೂರ್ತಿ ನೋಡಿದೆಯೋ, ಮತ್ತೆ ಸಾಲುಸಾಲಾಗಿ ಬರುತ್ತವೆ.

ನಟನಿಗೆ ಸಂದೇಶ ಕಳಿಸಿದ್ದೀಯೋ ಇಲ್ಲವೋ, ಕೇಳುವುದಿಲ್ಲ. ಆದರೆ ಉತ್ತರ ಬಂದು, ಬೇರೆ ನಂಬರಿಗೆ ಬಾ, ಫೋಟೋ ಕಳಿಸು, ಭೇಟಿಗೆ ಇಷ್ಟು ದುಡ್ಡು ಹಾಕು ಅಂದರೆ ಅದು ಅವನಲ್ಲ. ಅಲ್ಲಿಗೇ ಬ್ಲಾಕ್ ಮಾಡು.

ಕ್ಲಾಸಿನ ಹುಡುಗರನ್ನು ಅವನ ಪಕ್ಕ ನಿಲ್ಲಿಸಿ ತೂಗುವುದೂ ಬೇಡ. ಅವನ ಮಾತು ಬರೆಯಲು ಒಬ್ಬರು, ತಪ್ಪಿದರೆ ಕತ್ತರಿಸಲು ಇನ್ನೊಬ್ಬರು. ಚಿಗರಿ ಬಸ್ಸಿನಲ್ಲಿ ಪಕ್ಕ ನಿಂತವನು ತನ್ನ ಮಾತು ತಾನೇ ಹುಡುಕಿಕೊಂಡು ತಡವರಿಸಬೇಕು.

ನಿದ್ದೆ, ಊಟ, ಓದು ಎರಡು ವಾರ ದಾಟಿಯೂ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಕೂಡ ಇದೆ.

ಇನ್ನೊಂದು ಆಗಿಯೇ ಆಗಬಹುದು. ಒಂದು ಸೋಮವಾರ ಅದೇ ಹೆಸರು, ಅದೇ ಮನೆ, ಅದೇ ಅಮ್ಮ, ಆದರೆ ಬೇರೆ ನಟ ಮೆಟ್ಟಿಲಿಳಿದು ಬರುತ್ತಾನೆ. ಕನ್ನಡ ಧಾರಾವಾಹಿಗಳಲ್ಲಿ ಇದು ಹೊಸದಲ್ಲ. ಆವತ್ತು ಅಳು ಬಂದರೆ ಅಳು. ಅತ್ತು ಮುಗಿದ ಮೇಲೆ, ಅತ್ತದ್ದು ಅವನ ಮುಖಕ್ಕೋ, ಮಾತಿಗೋ, ಇಲ್ಲಾ ಆ ಎರಡು ಪುಟದಲ್ಲಿ ಕೆಂಪು ಗೆರೆ ಬೀಳದೆ ಉಳಿದದ್ದಕ್ಕೋ ಅಂತ ನೋಟ್‌ಬುಕ್ಕಿನ ಮೂರನೇ ಪುಟದಲ್ಲಿ ಬರೆದಿಡು.

ನಿನ್ನ
ಅವ್ವ