ಜೆರುಸಲೇಮಿನಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾಡಿಗೆ ಯುದ್ಧ ಬಂದಾಗಲೂ ಇಸ್ರೇಲಿನ ಕಟ್ಟಾ ಧರ್ಮನಿಷ್ಠ ಯೆಹೂದ್ಯರು ಸೈನ್ಯಕ್ಕೆ ಸೇರದೆ ಇರುವುದು ನ್ಯಾಯವೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಆರೈಕೆ ಮಾಡುತ್ತಿರುವ ಅಜ್ಜನ ಮನೆಯಲ್ಲಿ ಶುಕ್ರವಾರ ರಾತ್ರಿಯ ಊಟದ ಹೊತ್ತಿಗೆ ಈ ಪ್ರಶ್ನೆ ತಾನಾಗಿಯೇ ಎದ್ದು ಬರುತ್ತದೆ.

ಅಜ್ಜನ ಹಿರಿಯ ಮೊಮ್ಮಗ ನೀನು ಕೇಳಿದ ಕಟ್ಟಾ ಧರ್ಮನಿಷ್ಠರವನೇ, ಕಪ್ಪು ಟೋಪಿಯ ಹರೇದಿ ಪಂಥದವನು. ಹಗಲಿರುಳು ಯೆಶಿವಾ ಎಂಬ ಧರ್ಮಪಾಠಶಾಲೆಯಲ್ಲಿ ಕುಳಿತು, ಯೆಹೂದ್ಯ ಧರ್ಮವಿಧಿಗಳ ಚರ್ಚೆಯ ಗ್ರಂಥವಾದ ತಾಲ್ಮುದ್ ಓದುತ್ತಾನೆ. ಕಿರಿಯವನು ಓದು ಮತ್ತು ಸೇನಾಸೇವೆ ಎರಡನ್ನೂ ಕೂಡಿಸಿದ ಹೆಸ್ದೆರ್ ಯೆಶಿವಾದಲ್ಲಿ ಕಲಿತವನು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಮೀಸಲು ಪಡೆಯ ಕರೆ ಬಂದಾಗಲೆಲ್ಲ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಿದ್ದಾನೆ. (ಆ ಯುದ್ಧ ಗಾಜಾದ ಜನರ ಮೇಲೆ ತಂದ ಸಾವುನೋವು ಬೇರೆಯೇ ಪತ್ರಕ್ಕೆ ತಕ್ಕ ದುಃಖ.) ಅವನು ಬಂದ ದಿನ ಅವನ ಬಂದೂಕು ಅಜ್ಜನ ಕಪಾಟು ಸೇರಿ, ಬಾಗಿಲಿಗೆ ಬೀಗ ಬೀಳುತ್ತದೆ. ಕಿದ್ದುಷ್ ಪ್ರಾರ್ಥನೆಯ ದ್ರಾಕ್ಷಾರಸವನ್ನು ಯೆಹೂದ್ಯನಲ್ಲದ ನಾನು ಮುಟ್ಟುವಂತಿಲ್ಲ; ಆದ್ದರಿಂದ ಹಿರಿಯವನು ಬೆಳ್ಳಿಯ ಬಟ್ಟಲಿಗೆ ಸುರಿಯುತ್ತಾನೆ, ಕಿರಿಯವನು ಅಜ್ಜನ ನಡುಗುವ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾನೆ.

ಇದು ಆಸ್ತಿಕರಿಗೂ ನಾಸ್ತಿಕರಿಗೂ ನಡೆಯುವ ಜಗಳವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲ, ಇಬ್ಬರೂ ಅವೇ ಧರ್ಮಗ್ರಂಥಗಳನ್ನು ಮುಂದಿಡುತ್ತಾರೆ. ಯೊರ್ದನ್ ನದಿಯ ಆಚೆ ದಡದಲ್ಲೇ ಉಳಿಯಲು ಬಯಸಿದ ಗಾದ್ ಮತ್ತು ರೂಬೇನ್ ಕುಲದವರನ್ನು ಮೋಶೆಯು, ನಿಮ್ಮ ಸಹೋದರರು ಯುದ್ಧಕ್ಕೆ ಹೋಗುವಾಗ ನೀವು ಇಲ್ಲೇ ಕುಳಿತಿರುವಿರೋ ಎಂದು ಕೇಳಿದ್ದು, ನಾವಿಬ್ಬರೂ ಇಗರ್ಜಿಯಲ್ಲಿ ಕೇಳಿ ಬಲ್ಲ ಅರಣ್ಯಕಾಂಡದಲ್ಲಿದೆ. ಕಿರಿಯವನ ವಾದ ಅಲ್ಲಿಂದಲೇ ಹೊರಡುತ್ತದೆ. ಆತ್ಮರಕ್ಷಣೆಯಂಥ ಕಡ್ಡಾಯ ಯುದ್ಧವಾದರೆ ಮದುಮಗನೂ ಕೋಣೆಯಿಂದ ಹೊರಡಬೇಕೆಂಬ, ಮಿಷ್ನಾ ಎಂಬ ಹಳೆಯ ಧರ್ಮವಿಧಿ ಸಂಗ್ರಹದ ಮಾತನ್ನೂ ಅವನು ಸೇರಿಸುತ್ತಾನೆ. ಹಿರಿಯವನು ವಿದ್ವಾಂಸರಿಗೆ ಊರಿನ ಕೋಟೆಯ ಕಾವಲು ಬೇಡ, ಅವರ ಅಧ್ಯಯನವೇ ಕಾವಲು ಎಂಬ ತಾಲ್ಮುದಿನ ಮಾತನ್ನು ತೆಗೆಯುತ್ತಾನೆ. ಲೇವಿ ಕುಲದಂತೆ ದೇವರ ಸೇವೆಗೆಂದೇ ಮೀಸಲಾದವರು ಇರಬೇಕು ಎಂದು ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸನನ್ನು ಸಾಕ್ಷಿಗೆ ಕರೆಯುತ್ತಾನೆ.

ರಾಜಕೀಯದ ಕಥೆ ಅಷ್ಟೇ ಹಳೆಯದಲ್ಲ. 1948ರಲ್ಲಿ ದೇಶ ಹುಟ್ಟಿದಾಗ ಮೊದಲ ಪ್ರಧಾನಿ ಬೆನ್ ಗುರಿಯನ್ ಸುಮಾರು 400 ಯೆಶಿವಾ ವಿದ್ಯಾರ್ಥಿಗಳಿಗೆ ಮಾತ್ರ ಸೇನಾಸೇವೆಯಿಂದ ವಿನಾಯಿತಿ ಕೊಟ್ಟರು. ಪೂರ್ವ ಯುರೋಪಿನ ಮಹಾ ಯೆಶಿವಾಗಳನ್ನು ನಾಜಿಗಳು ಅಳಿಸಿಹಾಕಿದ್ದರು. ಉಳಿದ ಕಿಡಿಯನ್ನಾದರೂ ಆರದಂತೆ ಕಾಯಬೇಕೆಂಬುದು ಧರ್ಮಗುರುಗಳ ಮೊರೆಯಾಗಿತ್ತು. ಹಂಗೇರಿಯಲ್ಲಿ ಹುಟ್ಟಿ, ತನ್ನ ತಂದೆ ಓದಿದ ಯೆಶಿವಾ ಬರಿದಾದದ್ದನ್ನು ಕಂಡ ಈ ಅಜ್ಜನ ಎದುರು ಆ ಮೊರೆಯನ್ನು ಹಗುರವಾಗಿ ಆಡಲು ನನ್ನಿಂದಾಗದು. ಆದರೆ 1977ರಲ್ಲಿ ಬೆಗಿನ್ ಪ್ರಧಾನಿಯಾಗಿ ಅಧಿಕಾರಕ್ಕೆ ಬಂದಾಗ, ಹರೇದಿ ಪಕ್ಷದ ಬೆಂಬಲದ ಲೆಕ್ಕಾಚಾರದಲ್ಲಿ ಆ ಮಿತಿ ಹೋಯಿತು. ಅಂದಿನಿಂದ ಸರ್ಕಾರಗಳು ಉಳಿಯುವುದೂ ಬೀಳುವುದೂ ಈ ವಿಷಯಕ್ಕೆ ತಗುಲಿಕೊಂಡಿದೆ. 2024ರ ಜೂನ್ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು, ವಿನಾಯಿತಿಗೆ ಕಾನೂನಿನ ಆಧಾರವೇ ಇಲ್ಲವೆಂದು ಒಮ್ಮತದ ತೀರ್ಪು ಕೊಟ್ಟಾಗ ಅದು ಸುಮಾರು 63,000 ಯುವಕರನ್ನು ಮುಟ್ಟುವ ಸಂಗತಿಯಾಗಿತ್ತು.

ನನ್ನ ಅಭಿಪ್ರಾಯ ಕೇಳಿದೆಯಲ್ಲ, ಮೋಶೆಯ ಪ್ರಶ್ನೆಗೆ ಹಿರಿಯವನ ಬಳಿ ಉತ್ತರವಿಲ್ಲ ಎಂದೇ ನನಗೆ ಅನ್ನಿಸುತ್ತದೆ. ನಾಲ್ಕು ನೂರು ಮಂದಿಗೆ ಒಪ್ಪುವ ಮಾತು ಅರವತ್ತು ಸಾವಿರಕ್ಕೆ ಒಪ್ಪದು. ಮೀಸಲು ಪಡೆಯವನ ಹೆಂಡತಿ ಒಂಟಿಯಾಗಿ ಮಕ್ಕಳನ್ನು ಮಲಗಿಸುವ ರಾತ್ರಿಗಳನ್ನು ಈ ಮನೆಯಲ್ಲೇ ನೋಡಿದ್ದೇನೆ. ಹಾಗೆಂದು ಹಿರಿಯವನನ್ನು ಹೇಡಿ ಎನ್ನಬೇಡ. ಸಾಯುವ ಭಯಕ್ಕಿಂತ, ಸೈನ್ಯದಿಂದ ಮರಳುವ ಹುಡುಗ ತಮ್ಮವನಾಗಿ ಮರಳುವುದಿಲ್ಲವೆಂಬ ಭಯ ಅವನ ಸಮುದಾಯದ್ದು. ಮಕ್ಕಳನ್ನು ಬೆಂಗಳೂರಿಗೋ ಮುಂಬಯಿಗೋ ಕಳಿಸಿದ ನಮ್ಮೂರಿನ ತಾಯಂದಿರಿಗೆ ಆ ಭಯದ ಒಂದು ಎಳೆಯಾದರೂ ಗೊತ್ತು.

ಕಳೆದ ಶುಕ್ರವಾರ ವಾದ ಏರಿ ಮೇಜು ಸ್ತಬ್ಧವಾಯಿತು. ಅಜ್ಜ ಏನನ್ನೂ ಹೇಳದೆ, ಇಬ್ಬರನ್ನೂ ಹತ್ತಿರ ಕರೆಯುವಂತೆ ನನಗೆ ಸನ್ನೆ ಮಾಡಿದರು. ದೇವರು ನಿನ್ನನ್ನು ಎಫ್ರಾಯೀಮನಂತೆಯೂ ಮನಸ್ಸೆಯಂತೆಯೂ ಮಾಡಲಿ ಎಂಬುದು ಆ ರಾತ್ರಿ ಗಂಡುಮಕ್ಕಳಿಗೆ ಹೇಳುವ ಆಶೀರ್ವಾದ. ಎಫ್ರಾಯೀಮನು ತಾತ ಯಾಕೋಬನ ಬಳಿ ಕುಳಿತು ಓದುತ್ತಿದ್ದನೆಂದು ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ಬರೆದಿದ್ದಾನೆ. ಮನಸ್ಸೆಯು ಐಗುಪ್ತದ ಆಡಳಿತದಲ್ಲಿ ತಂದೆ ಯೋಸೇಫನಿಗೆ ನೆರವಾಗಿದ್ದನೆಂಬುದು ಅವರ ಪರಂಪರೆಯ ಮಾತು. ಅಜ್ಜನ ತೋಳು ಮೇಲೇಳದ ಕಾರಣ ಇಬ್ಬರೂ ಮಂಡಿಯೂರಿದರು. ಬಲಗೈಯನ್ನು ನಾನೇ ಎತ್ತಿ ಹಿರಿಯವನ ತಲೆಯ ಮೇಲಿಟ್ಟೆ, ಎಡಗೈಯನ್ನು ಕಿರಿಯವನ ತಲೆಯ ಮೇಲೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ನಿನ್ನ ಗೆಳೆಯ